ಈ ಬೆಲ್ಟ್ ಯಾರಿಗೋಸ್ಕರ?

34ನೇ ವಯಸ್ಸಿನಲ್ಲಿ ಕರಾಟೆ ಕ್ಲಾಸಿಗೆ ಸೇರಿದವರು ಮೊದಲ ದಿನ ಕಲಿಯುವುದು ಒಂದೇ ವಿದ್ಯೆ: ಸಾಲಿನ ಕೊನೆಯಲ್ಲಿ ನಿಲ್ಲೋದು. ನಮ್ಮ ಮನೆಯ ಪಕ್ಕದ ರಸ್ತೆಯಲ್ಲಿ, ಛತ್ರದ ಮೇಲಿನ ಹಾಲ್‌ನಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಕ್ಲಾಸ್. ಬೆಲ್ಟಿನ ಬಣ್ಣದ ಪ್ರಕಾರ ಸಾಲು. ನನ್ನ ಮುಂದೆ ಮೂರನೇ ಕ್ಲಾಸಿನ ಹುಡುಗ, ಅವನ ಮುಂದೆ ಮುಂದಿನ ಎರಡು ಹಲ್ಲು ಬಿದ್ದಿದ್ದ ಹುಡುಗಿ. ಇಬ್ಬರದೂ ಹಳದಿ. ನಾನು ಬಿಳಿ. ಆಫೀಸಿನಲ್ಲಿ 11 ಜನರ ಟೀಮಿಗೆ ನಾನೇ ಮ್ಯಾನೇಜರ್. ಇಲ್ಲಿ ಹಲ್ಲಿಲ್ಲದ ಪುಟ್ಟಿ ಹಿಂದೆ ತಿರುಗಿ, “ಆಂಟಿ, ಕೈ ಸೊಂಟದ ಹತ್ರ ಇಟ್ಕೋಬೇಕು” ಅಂತ ತಿದ್ದುತ್ತಿದ್ದಳು. ನಿಜ ಹೇಳಬೇಕಂದ್ರೆ ಆ ಮೊದಲ ಆರು ತಿಂಗಳು ನನಗೆ ತುಂಬಾ ಇಷ್ಟವಾಗಿತ್ತು. ಏನೂ ಗೊತ್ತಿಲ್ಲದವಳಾಗಿ ಇರೋದಕ್ಕೆ ಎಷ್ಟು ವರ್ಷದ ಮೇಲೆ ಪರ್ಮಿಷನ್ ಸಿಕ್ಕಿತ್ತು!

ಆಮೇಲೆ ಹಳದಿ ಬಂತು, ಕಿತ್ತಳೆ ಬಂತು. ಎರಡು ವರ್ಷ ತುಂಬುವಾಗ ಹಸಿರು ಬೆಲ್ಟಿನ ಗ್ರೇಡಿಂಗ್. ತೊಂದರೆ ಶುರುವಾಗಿದ್ದು ಅಲ್ಲಿ.

ಕರಾಟೆಯಲ್ಲಿ ಕಾತಾ ಅಂತ ಇರುತ್ತದೆ. ಎದುರಾಳಿ ಇಲ್ಲದೆ ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ಹೆಜ್ಜೆಗಳ ಸರಣಿ. ನಮ್ಮಲ್ಲಿ ಎಲ್ಲರೂ ಮೊದಲು ಕಲಿಯುವ ದೊಡ್ಡ ಕಾತಾದ ಹೆಸರು ಹೇಯಾನ್ ಶೋದಾನ್. ಅದರ ನಡುವೆ ಮೂರು ಹೆಜ್ಜೆ ಮುಂದೆ ಹೋಗಿ, ಜೋರಾಗಿ ಕೂಗಿ, ಎಡಕ್ಕೆ ಮುಕ್ಕಾಲು ಸುತ್ತು ತಿರುಗಬೇಕು. ಬೆನ್ನ ಹಿಂದಿನಿಂದ ಪೂರ್ತಿ ಸುತ್ತಿ ಬರುವ ಕಷ್ಟದ ತಿರುವು ಅದು. ಬಲಕ್ಕೆ ಕಾಲು ಸುತ್ತು ತಿರುಗಿದರೂ ಅದೇ ದಿಕ್ಕಿಗೆ ಮುಖ ಬರುತ್ತದೆ, ಆದರೆ ಅದು ತಪ್ಪು. ಗುಂಪಿನಲ್ಲಿ ಮಾಡುವಾಗ ನಾನು ಯಾವಾಗಲೂ ಪಕ್ಕದವರನ್ನು ನೋಡಿಕೊಂಡೇ ತಿರುಗುತ್ತಿದ್ದೆ. ಗ್ರೇಡಿಂಗ್ ದಿನ ಹೊಸ ಕಾತಾದ ಜೊತೆ ಈ ಹಳೆಯದನ್ನೂ ಒಬ್ಬೊಬ್ಬರಿಂದಲೇ ಮಾಡಿಸಿದರು. ನಾನು ಬಲಕ್ಕೆ ತಿರುಗಿಬಿಟ್ಟೆ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಆ ಕ್ಷಣ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ತಲೆ ಎತ್ತಿದಾಗ ನಾನು ಸರಿಯಾದ ದಿಕ್ಕಿಗೇ ನಿಂತಿದ್ದೆ. ಪಾಸ್. ಚಪ್ಪಾಳೆ, ಸರ್ಟಿಫಿಕೇಟ್, ಫೋಟೋ. ಸಂಜೆ ವಾಟ್ಸಾಪ್ ಸ್ಟೇಟಸ್ಸಿಗೆ 46 ಹಾರ್ಟು.

ಅದೇ ದಿನ ಗೋಡೆ ಪಕ್ಕ ಹಳದಿ ಬೆಲ್ಟ್ ಕಟ್ಟಿಕೊಂಡು ಒಬ್ಬ ಹುಡುಗ ನಿಂತಿದ್ದ. 14 ವರ್ಷ. ನಮ್ಮ ರಸ್ತೆ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟಿರುವವರ ಮಗ. ಮಾಸ್ಟ್ರು ಅವನ ಹತ್ತಿರ ಕ್ಲಾಸಿನ ಫೀಸು ತೆಗೆದುಕೊಳ್ಳಲ್ಲ. ಆದರೆ ಗ್ರೇಡಿಂಗ್ ಫೀಸು 2,500 ರೂಪಾಯಿ, ಅದು ಸಂಸ್ಥೆಗೆ ಹೋಗುತ್ತದೆ, ಮಾಸ್ಟ್ರ ಕೈಯಲ್ಲಿಲ್ಲ. ಹಾಗಾಗಿ ಎರಡು ವರ್ಷದಿಂದ ಅವನು ಹಳದಿಯಲ್ಲೇ ಇದ್ದಾನೆ. ನನ್ನಂಥ ಮೂವರನ್ನು ಒಟ್ಟಿಗೆ ನಿಲ್ಲಿಸಿದರೂ ಅವನ ಒಂದು ಒದೆಗೆ ಸಾಕಾಗಲ್ಲ. ಆ ದಿನ ಅವನು ಮ್ಯಾಟ್ ಹಾಸಿ, ನೀರಿನ ಬಾಟಲ್ ಹಂಚಿ, ನಮ್ಮೆಲ್ಲರ ಕಾತಾ ನೋಡುತ್ತಾ ನಿಂತಿದ್ದ.

ಇಷ್ಟೇ ಆಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಒಂದು ಸ್ವಲ್ಪ ಗಿಲ್ಟ್, ಎರಡು ದಿನ, ಮುಗೀತು. ನಾವೆಲ್ಲ ಗಿಲ್ಟನ್ನು ಹಾಗೇ ತಾನೇ ಜೀರ್ಣ ಮಾಡಿಕೊಳ್ಳೋದು?

ಆದರೆ ಮೂರು ವಾರದ ಮೇಲೆ ಹೊಸದಾಗಿ ಸೇರಿದ್ದ ಬಿಳಿ ಬೆಲ್ಟಿನ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ಎಂಟು ವರ್ಷ ಇರಬೇಕು. “ಆಂಟಿ, ನಿಮ್ದು ಗ್ರೀನ್ ಅಲ್ವಾ? ಆ ತಿರುಗೋದು ನನಗೆ ಬರ್ತಾ ಇಲ್ಲ. ಹೇಳ್ಕೊಡ್ತೀರಾ?” ನಾನು ಹೇಳಿಕೊಟ್ಟೆ, ಬಹಳ ಮುದ್ದಾಗಿ, ಕೈ ಹಿಡಿದು. ಬಲಕ್ಕೆ. ಯಾವ ಕಡೆ ತಿರುಗಬೇಕು ಅನ್ನೋದು ನನಗೆ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ಬೆಲ್ಟ್ ಬಂದಮೇಲೆ ಅದನ್ನು ನೋಡಿಕೊಳ್ಳುವ ಅಗತ್ಯವೇ ಕಂಡಿರಲಿಲ್ಲ. ಮುಂದಿನ ಭಾನುವಾರ ಮಾಸ್ಟ್ರು ಆ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ, “ಯಾರಮ್ಮಾ ನಿನಗೆ ಹೀಗೆ ಹೇಳ್ಕೊಟ್ಟಿದ್ದು?” ಅಂದರು. ಅವಳು ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರದೆ ಬೆಲ್ಟುಗಳ ಬಗ್ಗೆ ಓದೋಕೆ ಶುರುಮಾಡಿದೆ. ನನ್ನ ಪ್ರಶ್ನೆ ಸರಳವಾಗಿತ್ತು. ಈ ಬಣ್ಣದ ಪಟ್ಟಿ ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ?

ಎಲ್ಲ ಕ್ಲಾಸುಗಳಲ್ಲೂ ಹೇಳುವ ಒಂದು ಕಥೆ ಇದೆ. ಹಿಂದಿನ ಕಾಲದಲ್ಲಿ ಎಲ್ಲರಿಗೂ ಬಿಳಿ ಬೆಲ್ಟೇ ಇತ್ತಂತೆ. ಅದನ್ನು ಒಗೆಯುವ ಹಾಗಿರಲಿಲ್ಲವಂತೆ. ಬೆವರು, ಹುಲ್ಲು, ಮಣ್ಣು, ರಕ್ತ ಎಲ್ಲ ಮೆತ್ತಿ ಹಳದಿ, ಹಸಿರು, ಕಂದು ಆಗುತ್ತಾ ಕೊನೆಗೆ ಕಪ್ಪಾಗುತ್ತಿತ್ತಂತೆ. ಕೇಳೋಕೆ ಸೊಗಸಾಗಿದೆ. ಶ್ರಮವೇ ಬಣ್ಣ ಬಳಿಯುತ್ತದೆ, ಯಾರೂ ಕೊಡಬೇಕಿಲ್ಲ, ಯಾರೂ ಕೊಳ್ಳೋಕಾಗಲ್ಲ. ಆದರೆ ಇತಿಹಾಸ ಹಾಗಿಲ್ಲ. ಕಪ್ಪು ಬೆಲ್ಟ್ ಮೊದಲು ಬಂತು. ನಡುವಿನ ಬಣ್ಣಗಳು ಹುಟ್ಟಿದ್ದು ಅದಾದ ಹಲವು ದಶಕಗಳ ನಂತರ, ಅದೂ ಬೇರೊಂದು ಖಂಡದಲ್ಲಿ. ಕೊಳೆಯಿಂದ ಒಂದೊಂದೇ ಬಣ್ಣ ಏರಿದ್ದರೆ ಈ ಕ್ರಮ ತಿರುಗಾಮುರುಗಾ ಆಗುತ್ತಿರಲಿಲ್ಲ.

ಕಥೆ ನಿಜವಾಗಿ ಶುರುವಾಗುವುದು ಜಪಾನಿನ ಕಾನೊ ಜಿಗೊರೊ ಅನ್ನುವ ಮೇಷ್ಟ್ರಿಂದ. ಹೌದು, ಮೇಷ್ಟ್ರೇ. 1860ರಲ್ಲಿ ಹುಟ್ಟಿದ ಈತ ಮುಂದೆ ಟೋಕಿಯೊದಲ್ಲಿ ಶಿಕ್ಷಕರನ್ನು ತಯಾರುಮಾಡುವ ದೊಡ್ಡ ಕಾಲೇಜಿನ ಮುಖ್ಯಸ್ಥನೂ ಆದವನು. 1882ರಲ್ಲಿ ಟೋಕಿಯೊದ ಎಯ್ಶೋಜಿ ಎಂಬ ಬೌದ್ಧ ದೇವಾಲಯದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊದೊಕಾನ್ ಎಂಬ ಶಾಲೆ ತೆರೆದು ಜೂಡೊ ಕಲಿಸಲು ಶುರುಮಾಡಿದ. ಮೊದಲ ವರ್ಷ ಬಂದ ಶಿಷ್ಯರು ಒಂಬತ್ತು ಜನ. ಮರುವರ್ಷ, 1883ರಲ್ಲಿ, ಅವರಲ್ಲಿ ಇಬ್ಬರಿಗೆ, ಸೈಗೊ ಶಿರೊ ಮತ್ತು ತೊಮಿತ ತ್ಸುನೆಜಿರೊ ಅವರಿಗೆ, ‘ಶೋದಾನ್’ ಎಂಬ ದರ್ಜೆ ಕೊಟ್ಟ. ಆಗ ಬೆಲ್ಟ್ ಏನೂ ಇರಲಿಲ್ಲ. ದರ್ಜೆಗೆ ಒಂದು ಗುರುತು ಬೇಕು ಅಂತ ಮೂರ್ನಾಲ್ಕು ವರ್ಷ ಕಳೆದ ಮೇಲೆ, 1886ರ ಹೊತ್ತಿಗೆ, ದರ್ಜೆ ಪಡೆದವರು ಕಪ್ಪು ನಡುಪಟ್ಟಿ ಕಟ್ಟಿಕೊಳ್ಳುವ ರೂಢಿ ಬಂತು. ಉಳಿದವರದು ಬಿಳಿ. ಅಷ್ಟೇ, ಎರಡೇ ಬಣ್ಣ.

ಇಲ್ಲಿ ಒಂದು ವಿಷಯ ಗಮನಿಸಿ. ‘ಶೋದಾನ್’ ಅಂದರೆ ಮೊದಲ ಮೆಟ್ಟಿಲು. ನಾವು ಬ್ಲ್ಯಾಕ್ ಬೆಲ್ಟ್ ಅಂದ್ರೆ ಎಲ್ಲ ಮುಗಿಸಿದವನು ಅಂದುಕೊಳ್ಳುತ್ತೇವೆ. ಆ ಪದ ಹೇಳುವುದು ಇನ್ನು ಶುರುಮಾಡಬಹುದು ಅಂತ.

ಈ ‘ದಾನ್’ ಎಂಬ ಮೆಟ್ಟಿಲು ಕಾನೊಗೆ ಸಿಕ್ಕಿದ್ದು ಎಲ್ಲಿಂದ? ಕತ್ತಿವರಸೆಯಿಂದ ಇರಬಹುದು ಅಂದುಕೊಂಡಿದ್ದೆ. ಅಲ್ಲ, ‘ಗೊ’ ಎಂಬ ಮಣೆಯಾಟದಿಂದ. ಕಪ್ಪು, ಬಿಳಿ ಹರಳುಗಳನ್ನು ಇಟ್ಟು ಆಡುವ ಆಟ ಅದು. 17ನೇ ಶತಮಾನದಲ್ಲಿ ಹೊನಿನ್‌ಬೊ ದೊಸಾಕು ಎಂಬ ದೊಡ್ಡ ಆಟಗಾರ ಆಟಗಾರರನ್ನು ದಾನ್‌ಗಳಾಗಿ ವಿಂಗಡಿಸಿದ. ಯಾಕೆ ಗೊತ್ತಾ? ಇಬ್ಬರು ಆಡೋಕೆ ಕೂತಾಗ ಬಲಶಾಲಿ ದುರ್ಬಲನಿಗೆ ಎಷ್ಟು ರಿಯಾಯಿತಿ ಕೊಡಬೇಕು, ಮೊದಲೇ ಎಷ್ಟು ಹರಳು ಇಟ್ಟುಕೊಳ್ಳೋಕೆ ಬಿಡಬೇಕು ಅಂತ ಲೆಕ್ಕ ಹಾಕೋಕೆ. ಇಬ್ಬರ ದಾನ್‌ಗಳ ನಡುವಿನ ವ್ಯತ್ಯಾಸ ನೋಡಿದರೆ ರಿಯಾಯಿತಿ ಗೊತ್ತಾಗುತ್ತಿತ್ತು.

ಇದನ್ನು ಓದಿದಾಗ ರಾತ್ರಿ ಎರಡು ಗಂಟೆ. ಎದ್ದು ಕೂತೆ. ದರ್ಜೆ ಹುಟ್ಟಿದ್ದೇ ಇಬ್ಬರ ನಡುವೆ! ಒಬ್ಬನೇ ಇದ್ದರೆ ಅದಕ್ಕೆ ಅರ್ಥವೇ ಇಲ್ಲ. ‘ನಾನು ಎಷ್ಟು ದೊಡ್ಡವನು’ ಅನ್ನುವುದಕ್ಕಿಂತ, ‘ನನ್ನ ಎದುರಿಗೆ ಕೂತವನಿಗೆ ನಾನು ಎಷ್ಟು ಬಿಟ್ಟುಕೊಡಬೇಕು’ ಅನ್ನುವುದು ಅದರ ಮೂಲ ಪ್ರಶ್ನೆ. ನಾವದನ್ನು ಮೆಡಲ್ ಮಾಡಿಕೊಂಡು ಗೋಡೆಗೆ ನೇತುಹಾಕಿದ್ದೇವೆ.

ಸರಿ, ಹಳದಿ, ಕಿತ್ತಳೆ, ಹಸಿರು, ನೀಲಿ ಎಲ್ಲಿಂದ ಬಂದವು? ಯುರೋಪಿನಿಂದ. 1918ರಲ್ಲಿ ಕೊಇಜುಮಿ ಗುಂಜಿ ಲಂಡನ್ನಿನಲ್ಲಿ ಶುರುಮಾಡಿದ ಬುದೊಕ್ವಾಯ್ ಕ್ಲಬ್ಬಿನಲ್ಲಿ 1920ರ ದಶಕದಲ್ಲೇ ಬಣ್ಣದ ಬೆಲ್ಟುಗಳು ಕಾಣಿಸಿಕೊಂಡಿದ್ದವು. 1935ರಲ್ಲಿ ಪ್ಯಾರಿಸ್ಸಿಗೆ ಬಂದ ಕವಾಯ್ಶಿ ಮಿಕಿನೊಸುಕೆ ಅದನ್ನು ಒಂದು ವ್ಯವಸ್ಥೆ ಮಾಡಿ ಜನಪ್ರಿಯಗೊಳಿಸಿದ. ಬಿಳಿಯಿಂದ ಕಪ್ಪಿನವರೆಗೆ ವರ್ಷಗಟ್ಟಲೆ ಒಂದೇ ಬಣ್ಣದಲ್ಲಿ ಕಾಯುವುದು ಯುರೋಪಿನ ಶಿಷ್ಯರಿಗೆ ಕಷ್ಟ, ನಡುನಡುವೆ ಕಣ್ಣಿಗೆ ಕಾಣುವ ಮೆಟ್ಟಿಲು ಇದ್ದರೆ ಬಿಟ್ಟುಹೋಗಲ್ಲ ಅನ್ನುವುದು ಅದರ ಹಿಂದಿನ ಯೋಚನೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬೈಬೇಡಿ, ನಮಗೂ ಹಾಗೇ. ಹಳದಿ ಬೆಲ್ಟ್ ಬರದೇ ಇದ್ದಿದ್ದರೆ ನಾನೂ ಏಳನೇ ತಿಂಗಳಿಗೆ ಬಿಟ್ಟಿರುತ್ತಿದ್ದೆ.

ಕರಾಟೆಯದು ಇನ್ನೂ ತಮಾಷೆ. ಒಕಿನಾವಾ ದ್ವೀಪದಲ್ಲಿ ಕರಾಟೆಗೆ ಬೆಲ್ಟೂ ಇರಲಿಲ್ಲ, ಬಿಳಿ ಬಟ್ಟೆಯೂ ಇರಲಿಲ್ಲ. ಒಬ್ಬ ಗುರು, ನಾಲ್ಕೈದು ಶಿಷ್ಯರು, ಮನೆ ಅಂಗಳ. ಅಲ್ಲಿನ ಶಾಲಾಮಾಸ್ತರ ಫುನಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದಾಗ ಕೊದೊಕಾನ್‌ಗೆ ಕರೆಸಿ ಪ್ರೋತ್ಸಾಹಿಸಿದ್ದು ಇದೇ ಕಾನೊ. ಜೂಡೊದ ಉಡುಪು, ದಾನ್ ಪದ್ಧತಿ ಎರಡನ್ನೂ ಫುನಕೋಶಿ ಅಲ್ಲಿಂದಲೇ ತೆಗೆದುಕೊಂಡ. 1924ರಲ್ಲಿ ತನ್ನ ಏಳು ಶಿಷ್ಯರಿಗೆ ಮೊದಲ ಬಾರಿ ಶೋದಾನ್ ಕೊಟ್ಟ. ಅವನಿಗೆ ದಾನ್ ಕೊಟ್ಟವರು ಯಾರು? ಯಾರೂ ಇಲ್ಲ. ಕಾನೊಗೂ ಯಾರೂ ಕೊಟ್ಟಿರಲಿಲ್ಲ. ಇವತ್ತು ಜಗತ್ತಿನಲ್ಲಿರುವ ಎಷ್ಟೋ ಬ್ಲ್ಯಾಕ್ ಬೆಲ್ಟುಗಳ ವಂಶಾವಳಿ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಬೆಲ್ಟ್ ಪರೀಕ್ಷೆಯನ್ನೇ ಬರೆಯದ ಇಬ್ಬರು ಮೇಷ್ಟ್ರು.

ಹಾಗಾದ್ರೆ ಒಕಿನಾವಾದಲ್ಲಿ ಬೇಡವಾಗಿದ್ದು ಟೋಕಿಯೊದಲ್ಲಿ ಯಾಕೆ ಬೇಕಾಯಿತು? ಅದಕ್ಕೆ ಉತ್ತರ ನನಗೆ ಹೊಳೆದದ್ದು ಮೈಸೂರಿನಿಂದ.

ದಸರಾ ಕುಸ್ತಿಗೆ ಕೆಲವು ದಿನ ಮೊದಲು ಮೈಸೂರಿನಲ್ಲಿ ‘ಜೋಡಿ ಕಟ್ಟೋದು’ ಅಂತ ನಡೆಯುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯ ಉಸ್ತಾದರು ಮೈಕಟ್ಟು, ತೂಕ, ವಯಸ್ಸು ನೋಡಿ ಇವನಿಗೆ ಇವನು ಸಮ ಅಂತ ಜೋಡಿ ಹಾಕುತ್ತಾರೆ. ಗರಡಿಯಲ್ಲಿ ಬಣ್ಣದ ಬೆಲ್ಟಿಲ್ಲ. ಮಣ್ಣು, ಲಂಗೋಟಿ, ಉಸ್ತಾದರ ಕಣ್ಣು, ಅಷ್ಟೇ. ಆ ಕಣ್ಣು ಇರುವ ಕಡೆ ಬೆಲ್ಟ್ ಬೇಕಾಗಿಲ್ಲ. ಇವನು ಯಾವ ಗರಡಿ, ಯಾರ ಶಿಷ್ಯ, ಹೋದ ವರ್ಷ ಯಾರ ಜೊತೆ ಸೆಣಸಿದ ಅನ್ನುವುದು ಊರಿಗೇ ಗೊತ್ತಿರುತ್ತದೆ.

ಬೆಲ್ಟ್ ಬೇಕಾಗುವುದು ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಒಂದು ಹಾಲ್‌ನಲ್ಲಿ ಸೇರಿದಾಗ. ಒಂಬತ್ತು ಶಿಷ್ಯರಿದ್ದಾಗ ಕಾನೊಗೆ ಎಲ್ಲರ ಅಳತೆ ಗೊತ್ತಿತ್ತು. ಶಿಷ್ಯರು ನೂರುಗಟ್ಟಲೆ, ಆಮೇಲೆ ಸಾವಿರಗಟ್ಟಲೆ ಆದಾಗ, ನಾನು ಈಗ ಎತ್ತಿ ಎಸೆಯಲು ಹೊರಟಿರುವ ಈ ಅಪರಿಚಿತನಿಗೆ ಬೀಳೋಕೆ ಬರುತ್ತದೋ ಇಲ್ಲವೋ ಅಂತ ದೂರದಿಂದಲೇ ತಿಳಿಯಬೇಕು. ಜೂಡೊದಲ್ಲಿ ಬೀಳೋಕೆ ಬರದವನನ್ನು ಜೋರಾಗಿ ಎಸೆದರೆ ಕತ್ತು ಮುರಿಯಬಹುದು. ಬಿಳಿ ಪಟ್ಟಿ ಅಂದರೆ, ‘ಸ್ವಲ್ಪ ನಿಧಾನ, ನನಗಿನ್ನೂ ಬರಲ್ಲ’ ಅಂತ.

ನಮ್ಮ ರಸ್ತೆಗಳಲ್ಲಿ ಕಾರಿಗೆ ಅಂಟಿಸುವ ಕೆಂಪು ಎಲ್ ಬೋರ್ಡ್ ನೆನಪಿಸಿಕೊಳ್ಳಿ. ಅದು ಕಾರು ಓಡಿಸುವವರ ಅವಮಾನಕ್ಕೂ ಅಲ್ಲ, ಹೆಮ್ಮೆಗೂ ಅಲ್ಲ. ಹಿಂದೆ ಬರುವ ನಮಗೋಸ್ಕರ ಅದು. ಲೈಸೆನ್ಸ್ ಬರುವ ಮೊದಲೇ ಯಾರಾದರೂ ಅದನ್ನು ಕಿತ್ತುಹಾಕಿದರೆ ತಪ್ಪು ಏನು? ‘ಅವರಿಗೆ ಆ ಯೋಗ್ಯತೆ ಇಲ್ಲ’ ಅನ್ನುವುದು ಎರಡನೇ ಮಾತು. ಮೊದಲ ಮಾತು, ಹಿಂದಿನವರಿಗೆ ತಪ್ಪು ಮಾಹಿತಿ ಹೋಯಿತು.

ಇಲ್ಲಿಗೆ ಬಂದಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ ‘ಈ ಹಸಿರು ಬೆಲ್ಟಿಗೆ ನಾನು ಅರ್ಹಳಾ?’ ಅಂತ ಕೇಳಿಕೊಳ್ಳುತ್ತಿದ್ದೆ. ಈ ಪ್ರಶ್ನೆಗೆ ಉತ್ತರ ಯಾವಾಗಲೂ ನಮಗೆ ಬೇಕಾದ ಹಾಗೆ ಸಿಗುತ್ತದೆ. ಎರಡು ವರ್ಷ ಬೆಳಿಗ್ಗೆ ಎದ್ದಿದ್ದೇನೆ, ಮಂಡಿ ನೋವಿದ್ದರೂ ಬಂದಿದ್ದೇನೆ, ನನಗಿಂತ ಕೆಟ್ಟದಾಗಿ ಮಾಡಿದವರೂ ಪಾಸಾಗಿದ್ದಾರೆ. ವಕೀಲರೂ ನಾವೇ, ಜಡ್ಜೂ ನಾವೇ. ಆದರೆ ‘ಈ ಬೆಲ್ಟ್ ನೋಡಿ ನನ್ನನ್ನು ನಂಬಿದವರಿಗೆ ಏನಾಯಿತು?’ ಅಂತ ಕೇಳಿದರೆ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. ಎಂಟು ವರ್ಷದ ಹುಡುಗಿ ಎಲ್ಲರ ಮುಂದೆ ತಲೆ ತಗ್ಗಿಸಿ ನಿಂತಳು. ಆಗಿದ್ದು ಅದು.

ಬಣ್ಣಗಳಿಗೆ ಅರ್ಥ ಹೇಳುವವರೂ ಇದ್ದಾರೆ. ಟೇಕ್ವಾಂಡೊದ ಅಂತರರಾಷ್ಟ್ರೀಯ ಒಕ್ಕೂಟವನ್ನು 1966ರಲ್ಲಿ ಕಟ್ಟಿದ ಕೊರಿಯಾದ ಜನರಲ್ ಚೋಯ್ ಹಾಂಗ್ ಹಿ ಒಂದು ಚೆಂದದ ವಿವರಣೆ ಕೊಟ್ಟಿದ್ದಾರೆ. ಬಿಳಿ ಅಂದರೆ ಏನೂ ತಿಳಿಯದ ಮುಗ್ಧತೆ, ಹಳದಿ ಅಂದರೆ ಬೀಜ ಬೇರೂರುವ ನೆಲ, ಹಸಿರು ಅಂದರೆ ಬೆಳೆಯುವ ಗಿಡ, ನೀಲಿ ಅಂದರೆ ಆ ಗಿಡ ಮುಖ ಮಾಡಿರುವ ಆಕಾಶ, ಕಪ್ಪು ಅಂದರೆ ಬಿಳಿಗೆ ವಿರುದ್ಧವಾದ ಪಕ್ವತೆ. ನಡುವೆ ಕೆಂಪು ಬರುತ್ತದೆ. ಅದರ ಅರ್ಥ ಅಪಾಯ. ಕಟ್ಟಿಕೊಂಡವನಿಗೆ ‘ಹಿಡಿತದಲ್ಲಿರು’ ಅಂತಲೂ, ಎದುರಾಳಿಗೆ ‘ದೂರ ಇರು’ ಅಂತಲೂ ಎಚ್ಚರಿಕೆ. ಈ ಆರು ಬಣ್ಣಗಳಲ್ಲಿ ಐದು ನಮ್ಮ ಬಗ್ಗೆಯೇ ಮಾತಾಡುತ್ತವೆ. ಕೆಂಪು ಒಂದೇ ಎದುರಿಗಿರುವವನ ಬಗ್ಗೆ ಯೋಚಿಸುವುದು. ನನಗೆ ಅದೇ ಅತಿ ಪ್ರಾಮಾಣಿಕ ಬಣ್ಣ ಅನ್ನಿಸಿತು.

ಇಷ್ಟೆಲ್ಲ ತಿಳಿದುಕೊಂಡು, ದೊಡ್ಡ ಮನಸ್ಸು ಮಾಡಿಕೊಂಡು, ಮುಂದಿನ ಶನಿವಾರ ಇಸ್ತ್ರಿ ಗಾಡಿಯವರ ಮಗನ ಹತ್ತಿರ ಹೋದೆ. “ಮುಂದಿನ ಗ್ರೇಡಿಂಗ್ ಫೀಸು ನಾನು ಕಟ್ತೀನಿ ಕಣೋ” ಅಂದೆ. ನನ್ನ ತಲೆಯಲ್ಲಿ ಆಗಲೇ ಹಿನ್ನೆಲೆ ಸಂಗೀತ ಶುರುವಾಗಿತ್ತು.

ಅವನು ಮ್ಯಾಟ್ ಮಡಚುತ್ತಾ, “ಈಗ ಬೇಡ ಅಕ್ಕಾ” ಅಂದ.

“ಯಾಕೋ?”

“ಎರಡು ತಿಂಗಳಿಗೆ ಟೂರ್ನಮೆಂಟ್ ಇದೆ. ಬೆಲ್ಟ್ ನೋಡಿ ಗ್ರೂಪ್ ಹಾಕ್ತಾರೆ. ಯೆಲ್ಲೋದಲ್ಲೇ ಇದ್ರೆ ಮೆಡಲ್ ಗ್ಯಾರಂಟಿ.”

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. “ಅಲ್ಲಪ್ಪಾ, ಎದುರಿಗೆ ಬರೋನು ನಿಜವಾಗ್ಲೂ ಯೆಲ್ಲೋ ಆಗಿದ್ರೆ? ಅವನಿಗೆ ಏಟು ಬೀಳಲ್ವಾ?”

“ಅವನ ಕಡೆಯೋರೂ ಹಿಂಗೇ ಮಾಡಿರ್ತಾರೆ ಬಿಡಿ ಅಕ್ಕಾ.” ಆಮೇಲೆ ಮ್ಯಾಟ್ ಎತ್ತಿ ಹೆಗಲಿಗೆ ಹಾಕಿಕೊಂಡು, ಸ್ವಲ್ಪವೂ ಕೆಟ್ಟ ದನಿಯಿಲ್ಲದೆ, “ನೀವು ಗ್ರೀನ್ ಕಟ್ಕೊಂಡಿದೀರಲ್ಲ. ಆವತ್ತು ನೀವು ಬಲಕ್ಕೆ ತಿರುಗಿದ್ದು ನಾನು ನೋಡಿದೆ” ಅಂದ.

ಹಿನ್ನೆಲೆ ಸಂಗೀತ ನಿಂತಿತು.

ಅವನು ಹೇಳಿದ್ದು ಸರಿ. ನನ್ನದು ಇರುವುದಕ್ಕಿಂತ ಮೇಲಿನ ಬಣ್ಣ, ಅವನದು ಇರುವುದಕ್ಕಿಂತ ಕೆಳಗಿನ ಬಣ್ಣ. ಹಳದಿಯಲ್ಲಿ ಉಳಿದದ್ದು ಅವನ ತಪ್ಪಲ್ಲ, ಬಡತನದ್ದು. ಉಳಿಯುವುದನ್ನೇ ಆಯ್ದುಕೊಂಡದ್ದು ಮಾತ್ರ ಅವನದೇ ಲೆಕ್ಕ. ಆ ಲೆಕ್ಕ ಅವನಿಗೆ ಕಲಿಸಿದವರು ಯಾರು? ಬೆಲ್ಟ್ ಅಂದರೆ ದುಡ್ಡು ಕೊಟ್ಟವರಿಗೆ ಸಿಗುವ ವಸ್ತು ಅಂತ ಎರಡು ವರ್ಷ ಗೋಡೆ ಪಕ್ಕ ನಿಲ್ಲಿಸಿ ತೋರಿಸಿದವರು ನಾವೇ. ವಸ್ತು ಅಂದಮೇಲೆ ಅದನ್ನು ತನಗೆ ಲಾಭವಾಗುವ ಹಾಗೆ ಬಳಸುವುದರಲ್ಲಿ ಅವನಿಗೆ ತಪ್ಪು ಕಾಣಬೇಕಾದರೂ ಯಾಕೆ? ಆದರೂ, ಎದುರಿಗೆ ನಿಲ್ಲುವ ಆ ಅಪರಿಚಿತ ಹುಡುಗನಿಗೆ ಈ ಕಥೆ ಯಾವುದೂ ಗೊತ್ತಿಲ್ಲ. ಅವನು ಹಳದಿ ಪಟ್ಟಿ ನೋಡುತ್ತಾನೆ, ಅದನ್ನು ನಂಬಿ ಮುಂದೆ ಬರುತ್ತಾನೆ. ಅನ್ಯಾಯ ಮಾಡಿದವರು ಒಬ್ಬರು, ಏಟು ತಿನ್ನುವವನು ಇನ್ನೊಬ್ಬ.

ನೀವು ಕೇಳಬಹುದು, ಇಷ್ಟು ಕಟ್ಟುನಿಟ್ಟು ಬೇಕಾ? ಮಕ್ಕಳಿಗೆ ಪ್ರೋತ್ಸಾಹ ಬೇಡ್ವಾ? ಬೇಕು. ಆದರೆ ಪ್ರೋತ್ಸಾಹ ಕೊಡುತ್ತಲೇ ಸುಳ್ಳು ಹೇಳದೆ ಇರುವ ದಾರಿಗಳೂ ಇವೆ. ಟೇಕ್ವಾಂಡೊದ ಕೇಂದ್ರವಾದ ಸೋಲ್ ನಗರದ ಕುಕ್ಕಿವಾನ್ 15 ವರ್ಷದೊಳಗಿನ ಮಕ್ಕಳಿಗೆ ದಾನ್ ಬದಲು ‘ಪೂಮ್’ ಎಂಬ ದರ್ಜೆ ಕೊಡುತ್ತದೆ. ಅವರ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ‘ಚೆನ್ನಾಗಿ ಕಲಿತಿದೆ, ಆದರೆ ಇನ್ನೂ ಮಗು’ ಅನ್ನುವ ಎರಡೂ ವಿಷಯ ಒಂದೇ ಪಟ್ಟಿಯಲ್ಲಿ. ಬ್ರೆಜಿಲಿಯನ್ ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ನಿಯಮದಲ್ಲಿ 16 ತುಂಬುವ ಮೊದಲು ನೀಲಿ ಬೆಲ್ಟ್ ಇಲ್ಲ, 19ಕ್ಕೆ ಮೊದಲು ಕಪ್ಪು ಇಲ್ಲ. ಮಕ್ಕಳಿಗೆ ಬೂದು, ಹಳದಿ, ಕಿತ್ತಳೆ, ಹಸಿರು ಅಂತ ಬೇರೆಯೇ ಬಣ್ಣಗಳಿವೆ. ಮೆಟ್ಟಿಲು ಜಾಸ್ತಿ ಇದ್ದರೆ ತಪ್ಪೇನಿಲ್ಲ. ಪ್ರತಿ ಮೆಟ್ಟಿಲೂ ನಿಜ ಹೇಳಬೇಕು, ಅಷ್ಟೇ.

ನಮ್ಮ ಆಫೀಸುಗಳ ಕಡೆ ನೋಡಿದರೂ ಇದೇ ಕಥೆ. ಅಪ್ರೈಸಲ್ ಸಮಯದಲ್ಲಿ ಸಂಬಳ ಜಾಸ್ತಿ ಮಾಡೋಕೆ ಬಜೆಟ್ ಇಲ್ಲ ಅಂದಾಗ ‘ಸೀನಿಯರ್’ ಅಂತ ಒಂದು ಪದ ಕೊಟ್ಟು ಸಮಾಧಾನ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಯಾರಿಗೂ ನಷ್ಟ ಇಲ್ಲವಲ್ಲ ಅಂದುಕೊಂಡಿದ್ದೆ. ಆದರೆ ಕಾಲೇಜಿನಿಂದ ಈಗಷ್ಟೇ ಬಂದ ಹುಡುಗಿ ಆ ‘ಸೀನಿಯರ್’ ಅನ್ನುವ ಪದ ನೋಡಿಕೊಂಡೇ ಅವರ ಹತ್ತಿರ ಡೌಟ್ ಕೇಳೋಕೆ ಹೋಗುತ್ತಾಳೆ. ಅವರು ಮುದ್ದಾಗಿ, ಕೈ ಹಿಡಿದು, ಬಲಕ್ಕೆ ತಿರುಗೋದು ಹೇಳಿಕೊಡುತ್ತಾರೆ. ಬೈಸಿಕೊಳ್ಳುವುದು ಆ ಹುಡುಗಿ. ನಾವು ಕೊಟ್ಟ ಟೈಟಲ್ಲಿನ ಬಿಲ್ಲು ಯಾವಾಗಲೂ ಮೀಟಿಂಗಿನಲ್ಲಿ ಇಲ್ಲದವರ ಹೆಸರಿಗೇ ಹೋಗುತ್ತದೆ.

ಮಾಸ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ. ಗ್ರೇಡಿಂಗ್‌ನಲ್ಲಿ ತಪ್ಪು ತಿರುಗಿದ್ದು, ಆ ಹುಡುಗಿಗೆ ಹೇಳಿಕೊಟ್ಟಿದ್ದು. “ಬೆಲ್ಟ್ ವಾಪಸ್ ತಗೊಳ್ಳಿ” ಅಂದೆ. ಅವರು ನಕ್ಕರು. “ವಾಪಸ್ ತಗೊಂಡು ನಾನೇನು ಮಾಡ್ಲಿ ಮೇಡಂ? ನಾನು ಎಲ್ಲರನ್ನೂ ಸರಿಯಾಗಿ ಫೇಲ್ ಮಾಡಿದ್ರೆ ಮುಂದಿನ ತಿಂಗಳು ಅರ್ಧ ಮಕ್ಕಳು ಸ್ವಿಮ್ಮಿಂಗ್‌ಗೆ ಹೋಗ್ತಾರೆ. ಈ ಹಾಲ್ ಬಾಡಿಗೆ ಯಾರು ಕಟ್ತಾರೆ? ಇವನಂಥ ಹುಡುಗರಿಗೆ ಫ್ರೀಯಾಗಿ ಹೇಳ್ಕೊಡೋದು ಹೆಂಗೆ?” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ಸಾಲ ಅಂದ್ಕೊಳ್ಳಿ. ತೀರಿಸಿ” ಅಂದರು.

ಅವರ ಮೇಲೆ ಕೋಪ ಬರಲಿಲ್ಲ. ನನ್ನ ತಪ್ಪು ತಿರುವಿನ ಫೀಸಿನಲ್ಲೇ ಆ ಹುಡುಗನ ಕ್ಲಾಸು ನಡೆಯುತ್ತಿದೆ ಅನ್ನೋದು ನುಂಗೋಕೆ ಸುಲಭದ ಸತ್ಯ ಅಲ್ಲ. ಸಾಲ ಅನ್ನುವ ಮಾತನ್ನು ನಾನು ಒಪ್ಪಿಕೊಂಡೆ, ಆದರೆ ಒಂದು ಷರತ್ತಿನ ಮೇಲೆ. ಸಾಲದ ದುಡ್ಡಿನಲ್ಲಿ ಇನ್ನೊಬ್ಬರಿಗೆ ದಾನ ಮಾಡಬಾರದು. ನನಗೆ ಮುಂಗಡವಾಗಿ ಸಿಕ್ಕಿದ ಬಣ್ಣವನ್ನು ನಾನು ತೀರಿಸುವವರೆಗೆ ಅದರ ಬಲದಲ್ಲಿ ಯಾರಿಗೂ ಏನೂ ಹೇಳಿಕೊಡಕೂಡದು. ಯಾರಾದರೂ ಬಣ್ಣ ನೋಡಿ ಬಂದರೆ, “ನನಗಿನ್ನೂ ಬರಲ್ಲ, ಅವರನ್ನು ಕೇಳು” ಅಂತ ಬಾಯಿಬಿಟ್ಟು ಹೇಳಬೇಕು. ಬೆಲ್ಟ್ ಸುಳ್ಳು ಹೇಳುತ್ತಿದ್ದರೆ ಬಾಯಾದರೂ ನಿಜ ಹೇಳಲಿ. ಮಾಸ್ಟ್ರನ್ನು ಕೇಳಿಕೊಂಡು, ಹೇಯಾನ್ ಶೋದಾನ್ ಮಾಡುವಾಗ ಮಾತ್ರ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದೇನೆ.

ಟೂರ್ನಮೆಂಟ್ ಮುಗಿಯಿತು. ಹುಡುಗ ಗೆದ್ದ. ಫೈನಲ್‌ನಲ್ಲಿ ಎದುರಿಗಿದ್ದ ಹುಡುಗನ ಮೂಗಿನಿಂದ ರಕ್ತ ಬಂತು ಅಂತ ಮಾಸ್ಟ್ರು ಹೇಳಿದರು. ಇವನು ಆ ಬಗ್ಗೆ ಏನೂ ಹೇಳಲಿಲ್ಲ. ಮೆಡಲನ್ನೂ ಕ್ಲಾಸಿಗೆ ತರಲಿಲ್ಲ. ಎರಡು ವಾರದ ಮೇಲೆ ಬಂದು, “ಅಕ್ಕಾ, ಮುಂದಿನ ಗ್ರೇಡಿಂಗ್‌ಗೆ ಹೆಸರು ಕೊಡ್ತೀನಿ. ದುಡ್ಡು ಸಾಲ ಅಂತ ಕೊಡಿ, ಸುಮ್ನೆ ಬೇಡ” ಅಂದ. ಕೊಟ್ಟೆ. ಅದರಿಂದ ಪದ್ಧತಿ ಸರಿಯಾಯಿತು ಅಂತೇನೂ ನಾನು ನಂಬಿಲ್ಲ. ಫೀಸು ಅಲ್ಲೇ ಇದೆ, ಗೋಡೆ ಪಕ್ಕ ಇನ್ನೊಬ್ಬ ಹುಡುಗ ಬಂದು ನಿಲ್ಲುತ್ತಾನೆ.

ಆ ಎಂಟು ವರ್ಷದ ಹುಡುಗಿಯ ಹತ್ತಿರ ಹೋಗೋದು ಇವೆಲ್ಲಕ್ಕಿಂತ ಕಷ್ಟವಾಯಿತು. ಎರಡು ಭಾನುವಾರ ಮುಂದಕ್ಕೆ ಹಾಕಿದೆ. ಮೂರನೇ ಭಾನುವಾರ ಅವಳು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೂತು, “ಪುಟ್ಟಾ, ಆವತ್ತು ನಾನು ನಿನಗೆ ತಪ್ಪು ಹೇಳ್ಕೊಟ್ಟೆ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಸಾರಿ” ಅಂದೆ.

ಅವಳು ನನ್ನ ಬೆಲ್ಟ್ ನೋಡಿದಳು, ನನ್ನ ಮುಖ ನೋಡಿದಳು. “ಗೊತ್ತಿಲ್ದೇ ಗ್ರೀನ್ ಹೆಂಗೆ ಕೊಟ್ರು?” ಅಂದಳು.

ಇಷ್ಟುದ್ದ ಬರೆದಮೇಲೂ ಅವಳಿಗೆ ಹೇಳುವಂಥ ಉತ್ತರ ನನ್ನ ಹತ್ತಿರ ಇಲ್ಲ. “ಈಗ ಕಲಿತಾ ಇದೀನಿ” ಅಂದೆ.

“ಸರಿ, ಬನ್ನಿ” ಅಂತ ಶೂ ಬಿಚ್ಚಿಟ್ಟು ಎದ್ದಳು. “ಎಡಕ್ಕೆ ತಿರುಗ್ಬೇಕು. ನಾನು ತೋರಿಸ್ತೀನಿ.”